ಮೂರನೆಯ ಕರೆ

ನಮ್ಮ ಮನೆಯ ಕಾಲಿಂಗ್ ಬೆಲ್ಲನ್ನು ಮೂರು ಸಲ ಒತ್ತಬೇಕು. ಗ್ಯಾಸಿನವನಿಗೆ, ಮೀನಿನ ಹೆಂಗಸಿಗೆ, ಕೊರಿಯರಿನವರಿಗೆ ಎಲ್ಲ ಇದು ಗೊತ್ತು. ಮೊದಲ ಸಲಕ್ಕೆ ಅಜ್ಜಿ ಕೂತಲ್ಲಿಂದ ಅಲುಗುವುದಿಲ್ಲ. ಎರಡನೆಯದಕ್ಕೆ ಬಾಗಿಲ ಕಡೆ ಒಮ್ಮೆ ನೋಡುತ್ತಾರೆ. ಮೂರನೆಯದಕ್ಕೆ "ಓ" ಎಂದು ಗಟ್ಟಿಯಾಗಿ ಹೇಳಿ ಏಳುತ್ತಾರೆ. ಗೊತ್ತಿಲ್ಲದವರು ಯಾರೋ ಎರಡು ಸಲ ಒತ್ತಿ ಮೆಟ್ಟಿಲಿಳಿದರೆ ಇಳಿದರು. ನನ್ನ ಪಾಸ್‌ಪೋರ್ಟೇ ಒಮ್ಮೆ ಹಾಗೆ ಪೋಸ್ಟಾಫೀಸಿಗೆ ವಾಪಸು ಹೋಗಿತ್ತು.

"ಕುಲೆ ಎರಡೇ ಸಲ ಕರೆಯುವುದು ಮಗಾ. ಮನುಷ್ಯ ಆದ್ರೆ ಮೂರನೇ ಸಲ ಕರೆದೇ ಕರೀತಾನೆ" ಎನ್ನುವುದು ಅಜ್ಜಿಯ ಕಾನೂನು. ಕುಲೆ ಎಂದರೆ ತೀರಿಹೋದವರ ಆತ್ಮ. ನಮ್ಮ ತುಳುವರ ಮನೆಗಳಲ್ಲಿ ಅವರೂ ಒಂದು ಬಗೆಯ ನೆಂಟರು. ಮಳೆಗಾಲದ ಆಟಿ ತಿಂಗಳಲ್ಲಿ ಹೆಸರು ಹಿಡಿದು ಕರೆದು ಎಲೆ ಹಾಕಿ ಬಡಿಸಬೇಕು. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಅದನ್ನು ನಮ್ಮೂರ ಕನ್ನಡಕ್ಕೆ ಇಳಿಸಿದ್ದೇನೆ.

ನಾನು ರೋಷನ್. ಹನ್ನೆರಡು ವರ್ಷ ಬಹರೈನಿನಲ್ಲಿದ್ದು ಬಂದು ಮಂಗಳೂರಿನ ಉರ್ವ ಮಾರ್ಕೆಟಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಝೆರಾಕ್ಸಿಗಿಂತ ಹೆಚ್ಚು ಕೆಲಸ ಅರ್ಜಿ ತುಂಬಿಸುವುದರದ್ದು. ಆಧಾರ್ ತಿದ್ದುಪಡಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು ಹೀಗೆ. ಕಾಗದದಲ್ಲಿ ಎಷ್ಟು ಸುಳ್ಳಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಶಾಲೆಯ ದಾಖಲೆ ನಂಬಿದರೆ ಊರಿನ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಕುಲೆಗಳನ್ನಂತೂ ನಾನು ಮೊದಲೇ ನಂಬಿದವನಲ್ಲ. ನಮ್ಮದು ಎರಡನೇ ಮಾಳಿಗೆಯ ಫ್ಲ್ಯಾಟು. "ಕುಲೆಗೆ ಲಿಫ್ಟು ಬಳಸ್ಲಿಕ್ಕೆ ಬರ್ತದಾ ಅಜ್ಜಿ?" ಎಂದು ಪ್ರತಿ ಆಟಿಗೂ ಕೇಳುತ್ತಿದ್ದೆ. ಅಜ್ಜಿ ನಗುತ್ತಿರಲಿಲ್ಲ.

ಅಜ್ಜಿಯ ಹೆಸರು ನಳಿನಾಕ್ಷಿ. ಈಗ ಎಂಬತ್ತೇಳು. ಹುಟ್ಟಿದ್ದು ವಾಮಂಜೂರಿನಲ್ಲಿ, ಗದ್ದೆಯ ಅಂಚಿನ ಮನೆಯಲ್ಲಿ. ಆ ಮನೆಯ ಜಾಗದಲ್ಲಿ ಈಗ ಕಾಲೇಜು ಹುಡುಗಿಯರ ಹಾಸ್ಟೆಲ್ಲಿದೆ. ಹನ್ನೆರಡನೆಯ ವಯಸ್ಸಿಗೆ ಹೊಳೆ ಬದಿಯ ಒಂದು ಹೆಂಚಿನ ಕಾರ್ಖಾನೆಗೆ ಸೇರಿ, ಹಸಿ ಹೆಂಚನ್ನು ತಲೆಯ ಮೇಲೆ ಹೊತ್ತು, ಕಾರ್ಖಾನೆ ಬಾಗಿಲು ಹಾಕುವ ತನಕ ಅಲ್ಲೇ ದುಡಿದರು. ಸಿಟಿ ಬಸ್ಸಿನ ಕಂಡಕ್ಟರನನ್ನು ಮದುವೆಯಾದರು. ಅವನು ಬೇಗ ತೀರಿಹೋದ. ಒಬ್ಬಳೇ ಮಗಳು ಜಯಳನ್ನು, ಅಂದರೆ ನನ್ನ ಅಮ್ಮನನ್ನು, ಒಬ್ಬರೇ ಸಾಕಿದರು. ಸುಟ್ಟ ಹೆಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಬರುವ ಸದ್ದಿನಲ್ಲೇ ಒಳಗೆ ಒಡಕಿದೆಯೋ ಇಲ್ಲವೋ ಹೇಳುವುದು ಕಾರ್ಖಾನೆಯಲ್ಲಿ ಅವರ ಕೊನೆಯ ವರ್ಷಗಳ ಕೆಲಸ. ಆ ಕಿವಿ ಇನ್ನೂ ಹೋಗಿಲ್ಲ. ಸಣ್ಣವನಿದ್ದಾಗ ನಾನು ಸುಳ್ಳು ಹೇಳಿದರೆ "ನಿನ್ನ ಸ್ವರ ಒಡಕು ಹೆಂಚಿನ ಹಾಗೆ ಉಂಟು" ಎನ್ನುತ್ತಿದ್ದರು.

ಅವರಿಗೆ ಒಬ್ಬ ಅಣ್ಣನಿದ್ದ, ಐತಪ್ಪ. ಹದಿನೈದು ವರ್ಷ ದೊಡ್ಡವನು. ಮಹಾಯುದ್ಧದ ಕಾಲದಲ್ಲಿ, ಸಾವಿರದ ಒಂಬೈನೂರ ನಲವತ್ತೊಂದರಲ್ಲಿ, ಬೊಂಬಾಯಿಗೆ ಓಡಿಹೋಗಿ ಬ್ರಿಟಿಷರ ನೌಕಾಪಡೆ ಸೇರಿದ. ಮರುವರ್ಷ ರಜೆಯಲ್ಲಿ ಒಮ್ಮೆ ಬಂದಿದ್ದ. ಬಿಳಿ ಅಂಗಿ, ಬಿಳಿ ಟೊಪ್ಪಿಯ ಫೋಟೋ ಒಂದನ್ನು ತಂದು ಗೋಡೆಗೆ ಹಾಕಿದ, ನಾಲ್ಕು ವರ್ಷದ ತಂಗಿಯನ್ನು ಹೆಗಲ ಮೇಲೆ ಕೂರಿಸಿ ಗದ್ದೆಯಿಡೀ ಸುತ್ತಿದ. ಮನೆಯ ಯಜಮಾನ ಸೋದರಮಾವ ದೂಮಪ್ಪನಿಗೂ ಅವನಿಗೂ ಜಗಳವಾಯಿತು. ಗದ್ದೆ ಬಿಟ್ಟು ಹಡಗಿಗೆ ಹೋಗುವುದಾದರೆ ಇನ್ನು ಈ ಮೆಟ್ಟಿಲು ಹತ್ತಬೇಡ ಎಂದ ಮಾವ. ಅಣ್ಣ ಹೋದ. ಆಮೇಲೆ ಕಾಗದವೂ ಇಲ್ಲ, ಸುದ್ದಿಯೂ ಇಲ್ಲ.

ನಲವತ್ತೈದರ ಮಳೆಗಾಲದಲ್ಲಿ ಅವರ ಅಮ್ಮ ತೀರಿಹೋದಳು, ಹಿಂದೆಯೇ ಎರಡು ಎತ್ತು ಸತ್ತವು. ನಮ್ಮ ಕಡೆ ಒಂದರ ಮೇಲೊಂದು ಕೆಟ್ಟದ್ದಾದರೆ ಜೋಯಿಸರಲ್ಲಿ ಹೋಗಿ ಪ್ರಶ್ನೆ ಇಡುತ್ತಾರೆ. ಕವಡೆ ಎಣಿಸಿ ಅವರು ಹೇಳಿದ್ದು: ನೀರಿನಲ್ಲಿ ಹೋದ ಗಂಡಸೊಬ್ಬ ಬಾಯಾರಿ ನಿಂತಿದ್ದಾನೆ. ಮಾವನಿಗೆ ಅಷ್ಟು ಸಾಕಾಯಿತು. ಹೆಣವಿಲ್ಲದೆ, ಸುದ್ದಿಯಿಲ್ಲದೆ, ದರ್ಭೆಯ ಗೊಂಬೆ ಮಾಡಿ ಸುಟ್ಟು ಐತಪ್ಪನ ಬೊಜ್ಜ ಮುಗಿಸಿದರು. ಬೊಜ್ಜ ಎಂದರೆ ಉತ್ತರಕ್ರಿಯೆ. ಫೋಟೋಕ್ಕೆ ಹಾರ ಬಿತ್ತು.

ಮುಂದಿನದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಬೊಜ್ಜದ ನಂತರದ ಮೊದಲ ಆಟಿ ಅಮಾವಾಸ್ಯೆ. ಒಳಗೆ ಎರಡು ಎಲೆ ಹಾಕಿ ಕೋಳಿ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿದ್ದಾರೆ, ಒಂದು ಅಮ್ಮನಿಗೆ, ಒಂದು ಐತಪ್ಪನಿಗೆ. ಮಾವ ಕೈಮುಗಿದು "ಐತಪ್ಪಾ, ಒಣಸ್‌ಗ್ ಬಲ", ಊಟಕ್ಕೆ ಬಾ, ಎಂದು ಕರೆಯುತ್ತಿದ್ದಾನೆ. ಕುಲೆ ಬರುವ ಹೊತ್ತಿಗೆ ಯಾರೂ ಮಾತಾಡಬಾರದು, ಯಾರು ಕರೆದರೂ ಮೂರನೇ ಸಲದ ತನಕ ಓಗೊಡಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿದೆ. ಎಂಟು ವರ್ಷದ ನಳಿನಾಕ್ಷಿ ಜಗಲಿಯಲ್ಲಿ ಕೂತಿದ್ದಾಳೆ. ಮಳೆ ಬಿಟ್ಟ ಮುಸ್ಸಂಜೆ. ನೀರು ತುಂಬಿದ ಅಂಗಳದಲ್ಲಿ ಫೋಟೋದಲ್ಲಿದ್ದವನೇ ಬಂದು ನಿಂತ. ಬಿಳಿ ಅಂಗಿ, ಹೆಗಲ ಮೇಲೆ ಉದ್ದದ ಚೀಲ. ಕುಲೆಗೆ ಕಾಲಿರುವುದಿಲ್ಲ ಎಂದು ಕೇಳಿದ್ದ ಹುಡುಗಿ ಕಾಲು ನೋಡಿದಳು. ಕೆಸರು ನೀರಿನಲ್ಲಿ ಕಾಲು ಕಾಣಲಿಲ್ಲ.

"ನಳಿನಾ" ಎಂದು ಕರೆದ. ಅವಳು ಬಾಯಿಗೆ ಕೈ ಒತ್ತಿ ಹಿಡಿದಳು. ಅವನು ಅವಳ ತಲೆಯ ಮೇಲಿಂದ ಒಳಗೆ ನೋಡಿದ. ಒಳಗೆ ದೀಪ, ಎಲೆ, ಹಾರ ಹಾಕಿದ ಎರಡು ಫೋಟೋ, ಮಾವನ ಸ್ವರ. ಟೊಪ್ಪಿ ತೆಗೆದ. ಮತ್ತೆ ಸಣ್ಣಕ್ಕೆ "ನಳಿನಾ" ಎಂದ. ಮೂರನೆಯ ಸಲ ಕರೆಯಲಿಲ್ಲ. ತಿರುಗಿ ಗದ್ದೆಯ ಬದುವಿನ ಮೇಲೆ ಹೋಗಿಬಿಟ್ಟ.

ಅವಳು ಒಳಗೆ ಹೋಗಿ ಹೇಳಿದಾಗ ಮಾವ ಹಿಗ್ಗಿದನಂತೆ. "ನೋಡಿದಿರಾ, ಪ್ರಶ್ನೆಯಲ್ಲಿ ಬಂದದ್ದು ಸುಳ್ಳಲ್ಲ, ಅವನೇ ಬಂದು ತೆಗೊಂಡು ಹೋದ" ಎಂದು, ಐತಪ್ಪನ ಎಲೆಯ ಕೋಳಿಯ ಕಾಲನ್ನು ಅವಳ ಬಾಯಿಗಿಟ್ಟ. ಕುಲೆಯನ್ನು ಕಂಡ ಹುಡುಗಿ ಎಂದು ಊರಲ್ಲಿ ಹೆಸರಾಯಿತು. ಈ ಕಥೆ ಕೇಳಿ ನಾನು ಬೆಳೆದೆ, ತಮಾಷೆ ಮಾಡಿದೆ. ಕುಲೆಗೆ ಚೀಲ ಎಂತಕ್ಕೆ ಎಂದು ಮಾತ್ರ ಎಪ್ಪತ್ತೊಂಬತ್ತು ವರ್ಷ ಯಾರೂ ಕೇಳಲಿಲ್ಲ. ಬುದ್ಧಿವಂತನಾದ ನಾನೂ ಕೇಳಲಿಲ್ಲ.

ಕಳೆದ ವರ್ಷ ಅಜ್ಜಿ ಬಚ್ಚಲಲ್ಲಿ ಬಿದ್ದು ಮೂರು ವಾರ ಮಲಗಿದರು. ಎದ್ದ ಮೇಲೆ ನನ್ನನ್ನು ಕರೆದು ಕೂರಿಸಿದರು.

"ರೋಷಾ, ನೀನು ಊರಿಗೆಲ್ಲ ಕಾಗದ ಮಾಡಿ ಕೊಡ್ತಿ. ನಂಗೊಂದು ಮಾಡಿಕೊಡು. ಅಣ್ಣ ಯಾವ ಸಮುದ್ರದಲ್ಲಿ ಹೋದ, ಯಾವ ದಿನ ಹೋದ, ಅಷ್ಟು ಬೇಕು."

"ಈಗ ಎಂತಕ್ಕೆ ಅಜ್ಜಿ ಅದೆಲ್ಲ?"

"ಆ ದಿನ ಅವ ಉಣ್ಣದೆ ಹೋದದ್ದು. ಎಲೆಯದ್ದು ನಾನು ತಿಂದೆ. ಅವನಿಗೆ ಸಮಾಧಾನ ಆಗಿಲ್ಲ, ನಂಗೆ ಗೊತ್ತುಂಟು. ಸತ್ತ ದಿನ ಗೊತ್ತಾದ್ರೆ ಅದೇ ದಿನ ಸರಿಯಾಗಿ ಬೊಜ್ಜ ಮಾಡಿಸ್ಬಹುದು. ನಾನು ಹೋದ ಮೇಲೆ ಅವನನ್ನು ಕರೆಯುವವರು ಯಾರುಂಟು ಹೇಳು?"

ಅರ್ಜಿ ತುಂಬಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ನನಗೆ. ನೌಕಾಪಡೆಯ ಹಳೆಯ ದಾಖಲೆಗಳಿರುವ ಕಚೇರಿಗೆ ಮುಂಬೈಗೆ ಬರೆದೆ. ಹೆಸರು ಐತಪ್ಪ, ಊರು ವಾಮಂಜೂರು, ತಂದೆ ತನಿಯಪ್ಪ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ಈ ವಿವರಕ್ಕೆ ಹೊಂದುವ ದಾಖಲೆ ಇಲ್ಲ. ಸಿಟ್ಟಿನಲ್ಲಿ ಅದನ್ನು ಅಜ್ಜಿಗೆ ಓದಿ ಹೇಳಿದೆ. ಅವರು ನನ್ನನ್ನೇ ಪಿಳಿಪಿಳಿ ನೋಡಿದರು.

"ಅಪ್ಪನ ಹೆಸರು ಬರೆದದ್ದು ಯಾಕೆ? ನಮ್ಮಲ್ಲಿ ಆಗ ಅಪ್ಪನನ್ನು ಯಾರು ಕೇಳ್ತಿದ್ರು ಮಾರಾಯ? ಅಪ್ಪ ಅವರ ಅಮ್ಮನ ಮನೆಯಲ್ಲಿ ಇದ್ದದ್ದು. ಶಾಲೆಗೆ ಸೇರಿಸ್ಲಿಕ್ಕೂ ಮಾವನ ಹೆಸರೇ."

ಅಳಿಯಸಂತಾನದ ಮನೆಯಲ್ಲಿ ಹುಟ್ಟಿದವ ನಾನು. ಆಸ್ತಿ, ಮನೆಹೆಸರು ಎಲ್ಲ ತಾಯಿಯ ಕಡೆಯಿಂದ ಇಳಿಯುತ್ತಿದ್ದ ಕಾಲದ ಮನುಷ್ಯನನ್ನು ಇವತ್ತಿನ ಫಾರ್ಮಿನ ಕಾಲಮ್ಮಿನಲ್ಲಿ ಹುಡುಕಿದ್ದೆ. ತನ್ನನ್ನು ಮನೆಯಿಂದ ಹೊರಗೆ ಹಾಕಿದ ಮಾವನ ಹೆಸರಿನ ಅಡಿಯಲ್ಲೇ ಅವನು ಕಡತದಲ್ಲಿ ಕೂತಿದ್ದ. ದೂಮಪ್ಪ ಎಂದು ಬರೆದು ಕಳಿಸಿದ್ದೇ ತಡ, ಈ ವರ್ಷದ ಜೂನಿನಲ್ಲಿ ಐದು ಹಾಳೆಯ ಪ್ರತಿ ಬಂತು. ಇಂಗ್ಲಿಷ್ ಓದಿದೆ, ತಲೆಬುಡ ತಿಳಿಯಲಿಲ್ಲ. ಪೂರಾ ಸಂಕ್ಷಿಪ್ತ ಅಕ್ಷರಗಳು, ಮೊಹರುಗಳು. ಕುಲಶೇಖರದಲ್ಲಿ ನೌಕಾಪಡೆಯ ನಿವೃತ್ತ ಗುಮಾಸ್ತರು ಜಮಾಲುದ್ದೀನ್ ಇದ್ದಾರೆ, ಪಿಂಚಣಿ ಕಾಗದಕ್ಕೆ ನನ್ನ ಅಂಗಡಿಗೆ ಬರುವವರು. ಹಾಳೆ ಹಿಡಿದು ಅವರ ಮನೆಗೆ ಹೋದೆ.

ಅವರು ಕನ್ನಡಕ ಒರೆಸಿ, ಐದೂ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಸ್ಟೋಕರ್. ಹಡಗಿನ ಹೊಟ್ಟೆಯೊಳಗೆ ಬಾಯ್ಲರ್ ಉರಿಸುವ ಕೆಲಸ. ಪಾಪ, ಬೇಯುವ ಕೆಲಸ ಅದು" ಎಂದು ಓದುತ್ತ ಬಂದರು. ನಾನು ಪೆನ್ನು ತೆಗೆದು ಕೂತಿದ್ದೆ, ಸತ್ತ ದಿನಾಂಕ ಬರೆದುಕೊಳ್ಳಲು. ಕೊನೆಯ ಹಾಳೆಯಲ್ಲಿ ಅವರ ಬೆರಳು ನಿಂತಿತು.

"ರೋಷನ್, ಇದು ಸತ್ತವರ ಹಾಳೆ ಅಲ್ಲ ಮಾರಾಯ್ರೆ."

"ಅಂದ್ರೆ ಎಂತ?"

"ಸತ್ತರೆ ಇಲ್ಲಿ ಎರಡು ಡಿ ಹಾಕ್ತಾರೆ. ಇವರಿಗೆ ಹಾಕಿಲ್ಲ. ನಲವತ್ತಾರು ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ನಾವಿಕರ ದಂಗೆ ಆಯ್ತಲ್ಲ, ಅದ್ರಲ್ಲಿ ತುಂಬ ಜನರನ್ನು ಮನೆಗೆ ಕಳಿಸಿದ್ರು. ಇವರನ್ನೂ ಕಳಿಸಿದ್ದಾರೆ. ಸೇವೆ ಇನ್ನು ಬೇಡ ಅಂತ. ಜುಲೈ ಇಪ್ಪತ್ನಾಲ್ಕು. ಮಂಗಳೂರಿನ ತನಕ ರೈಲಿನ ವಾರಂಟ್ ಕೊಟ್ಟಿದ್ದಾರೆ, ನೋಡಿ. ಆಗೆಲ್ಲ ಮದ್ರಾಸಿನ ಮೇಲೆ ಸುತ್ತಿ ಬರ್ಬೇಕಿತ್ತು, ಮೂರು ನಾಲ್ಕು ದಿನ ಆಗ್ತಿತ್ತು. ಜೊತೆಗೆ ಒಂದು ಕಿಟ್ ಬ್ಯಾಗ್. ಉದ್ದದ ಕ್ಯಾನ್ವಾಸ್ ಚೀಲ ಅದು, ನಾವಿಕರು ಹೆಗಲ ಮೇಲೆ ಹಾಕಿಕೊಳ್ಳುವುದು."

ನಾನು ಪೆನ್ನು ಕೆಳಗಿಟ್ಟೆ. ಅಜ್ಜಿ ಕುಲೆ ಕಂಡ ವರ್ಷ ನನಗೆ ಗೊತ್ತಿತ್ತು. ಅದರ ಮುಂದಿನ ಆಟಿ ಮುಗಿಯುವಾಗ ಶಾಲೆಯಲ್ಲಿ ಬಾವುಟ ಹಾರಿಸಿ ಸ್ವಾತಂತ್ರ್ಯದ ಮಿಠಾಯಿ ಕೊಟ್ಟಿದ್ದರು ಎಂದು ನೂರು ಸಲ ಹೇಳಿದ್ದಾರೆ. ಫೋನಿನ ಪಂಚಾಂಗದಲ್ಲಿ ನಲವತ್ತಾರರ ಆಟಿ ಅಮಾವಾಸ್ಯೆ ಹುಡುಕಿದೆ. ಜುಲೈ ಇಪ್ಪತ್ತೆಂಟು, ಭಾನುವಾರ.

ಜಮಾಲುದ್ದೀನರು ಇನ್ನೂ ಓದುತ್ತಿದ್ದರು. "ಇದು ಹತ್ತಿರದ ಸಂಬಂಧಿ ಯಾರು ಅಂತ ಬರೆಯುವ ಜಾಗ. ಏನಾದ್ರೂ ಆದ್ರೆ ಯಾರಿಗೆ ತಿಳಿಸ್ಬೇಕು ಅಂತ. ಮೊದಲು ಮಾವ ದೂಮಪ್ಪ. ನಲವತ್ತೆರಡರ ರಜೆ ಮುಗಿಸಿ ಹೋದ ಮೇಲೆ ಮಾವನನ್ನು ತೆಗೆದು ನಳಿನಾಕ್ಷಿ ಅಂತ ಹಾಕಿದ್ದಾರೆ. ತಂಗಿ, ನಾಲ್ಕು ವರ್ಷ." ಅವರು ನಕ್ಕರು. "ನಾಲ್ಕು ವರ್ಷದ ಮಗುವನ್ನು ಯಾರಾದ್ರೂ ಬರೆಸ್ತಾರಾ?" ಆಮೇಲೆ ಅವರ ನಗು ನಿಂತಿತು. ಕೆಳಗೆ ಇನ್ನೊಂದು ಸಾಲಿತ್ತು. ಬೊಂಬಾಯಿಯಲ್ಲಿ, ಯುದ್ಧದ ಪದಕ ಕಳಿಸಲು ವಿಳಾಸ ಕೊಡುವಾಗ ಬರೆಸಿದ್ದು, ಆಗಸ್ಟ್ ಒಂಬತ್ತು, ಸಾವಿರದ ಒಂಬೈನೂರ ನಲವತ್ತಾರು. ಹತ್ತಿರದ ಸಂಬಂಧಿ: ಯಾರೂ ಇಲ್ಲ. ಪಕ್ಕದಲ್ಲಿ ಕನ್ನಡದಲ್ಲಿ ದುಂಡಗೆ ಸಹಿ, ಐತಪ್ಪ. ಅಲ್ಲಿಗೆ ಕಡತ ಮುಗಿದಿತ್ತು.

ಸ್ಕೂಟರಿನಲ್ಲಿ ಅಂಗಡಿಗೆ ಬಂದು ಶಟರು ಅರ್ಧ ಎಳೆದು ಕೂತೆ. ಮಾವ ದೂಮಪ್ಪನ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಆದರೆ ಅವನು ಸತ್ತು ಐವತ್ತು ವರ್ಷವಾಗಿದೆ, ಆಟಿಯಲ್ಲಿ ಅವನಿಗೂ ಎಲೆ ಹಾಕಿ ನಾವೇ ಕೈಮುಗಿಯುತ್ತೇವೆ. ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಹಾಳೆಯನ್ನು ಮೆಷಿನ್ನಿನ ಗಾಜಿನ ಮೇಲೆ ಇಟ್ಟು, ಕೊನೆಯ ಸಾಲಿನ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಇಟ್ಟು ಮುಚ್ಚಳ ಹಾಕಿದೆ. ಬೇಡದ್ದನ್ನು ಮರೆಮಾಡುವುದು ನನ್ನ ಕಸುಬಿನಲ್ಲಿ ದೊಡ್ಡ ವಿದ್ಯೆಯೇನಲ್ಲ. ಹೊರಗೆ ಬಂದ ಪ್ರತಿಯಲ್ಲಿ ನಳಿನಾಕ್ಷಿಯ ಹೆಸರಿತ್ತು, ಅದರ ಕೆಳಗೆ ಖಾಲಿ. ಮೂಲ ಪ್ರತಿಯನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಅಜ್ಜಿ ಬಾಲ್ಕನಿಯಲ್ಲಿ ಕೂತಿದ್ದರು. ಅಮ್ಮ ಬಟ್ಟೆ ಮಡಚುತ್ತಿದ್ದಳು. ಅವರ ಮುಖ ಕಂಡದ್ದೇ ಉಳಿದದ್ದನ್ನು ಹೇಳುವ ಧೈರ್ಯವೂ ಹೋಯಿತು, ಸಮುದ್ರದಲ್ಲಿ ಹೋದರು, ದಿನಾಂಕ ಸಿಗಲಿಲ್ಲ ಎಂದು ಹೇಳಿ ಮುಗಿಸೋಣ ಎಂದುಕೊಂಡು ಮಾತು ಶುರು ಮಾಡಿದೆ.

"ಎಂತ, ಒಡಕು ಕೇಳ್ತದೆ" ಎಂದರು ಅಜ್ಜಿ. "ಸರಿ ಹೇಳು."

ಹೇಳಿದೆ. ದಂಗೆ, ರೈಲು, ಇಪ್ಪತ್ನಾಲ್ಕನೇ ತಾರೀಕು, ಅಮಾವಾಸ್ಯೆ, ಚೀಲ. ಅಮ್ಮನ ಕೈಯ ಬಟ್ಟೆ ಹಾಗೇ ನಿಂತಿತು. ಕೆಳಗೆ ಬಸ್ಸಿನವನು ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್ ಎಂದು ಕೂಗುತ್ತಿದ್ದ.

"ಹಾಗಾದ್ರೆ ಅವನಿಗೆ ಕಾಲು ಇತ್ತು" ಎಂದರು ಅಜ್ಜಿ.

ನಾನು ತಲೆಯಾಡಿಸಿದೆ.

"ಹಸಿವಾಗಿತ್ತು ಅವನಿಗೆ. ನಾಲ್ಕು ದಿನದ ರೈಲು. ಒಳಗೆ ಊಟಕ್ಕೆ ಬಾ ಅಂತ ಮಾವ ಕರೀತಿದ್ದಾರೆ, ಹೊರಗೆ ನಾನು ಬಾಯಿ ಮುಚ್ಚಿ ಕೂತಿದ್ದೇನೆ. ಅಮ್ಮ ಸತ್ತದ್ದೂ ಅವನಿಗೆ ಗೊತ್ತಿರ್ಲಿಲ್ಲ. ಹಾರ ನೋಡಿ ಗೊತ್ತಾದದ್ದು. ಅಮ್ಮನದ್ದೂ, ಅವನದ್ದೂ." ಅವರ ಸ್ವರ ಗಟ್ಟಿಯಾಗಿಯೇ ಇತ್ತು. "ಎರಡನೇ ಸಲ ಕರೆದದ್ದು ನನ್ನನ್ನೇ. ಒಳಗೆ ಅಷ್ಟು ಜನ ಇದ್ರು, ಯಾರನ್ನೂ ಕರೀಲಿಲ್ಲ. ನಾನೊಂದು 'ಓ' ಅಂದಿದ್ರೆ ಆಗ್ತಿತ್ತು."

"ನೀವು ಮಗು ಅಜ್ಜಿ ಆಗ. ಎಂಟು ವರ್ಷ" ಎಂದೆ.

"ಬಾಯಿ ಇತ್ತಲ್ಲ. ಕೋಳಿ ತಿನ್ಲಿಕ್ಕೆ ಬಾಯಿ ಇತ್ತು."

ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಮೂರನೇ ಕ್ಲಾಸಿನ ಓದು. ಇಂಗ್ಲಿಷ್ ಬಾರದು, ಕನ್ನಡ ಬರುತ್ತದೆ. ಮೊದಲ ಸಾಲುಗಳ ಪಕ್ಕದ ಸಹಿಯನ್ನು ಬೆರಳಿಟ್ಟು ಓದಿದರು, ಐ-ತ-ಪ್ಪ. ನಳಿನಾಕ್ಷಿ ಎಂದು ಎಲ್ಲಿ ಬರೆದಿದೆ ಎಂದು ಕೇಳಿದರು. ತೋರಿಸಿದೆ. ಅಣ್ಣ ನನ್ನ ಹೆಸರು ಸರ್ಕಾರದ ಕಾಗದದಲ್ಲಿ ಬರೆಸಿದ್ದ ಎಂದು ಅಮ್ಮನಿಗೆ ಹೇಳಿದರು. ಆಮೇಲೆ ಅವರ ಬೆರಳು ಕೆಳಗಿಳಿದು ಖಾಲಿ ಜಾಗದಲ್ಲಿ ನಿಂತಿತು.

"ಮತ್ತೆ ಎಲ್ಲಿಗೆ ಹೋದ?"

"ಪುನಃ ಬೊಂಬಾಯಿಗೆ. ಆಮೇಲೆ ಎಂತದೂ ಗೊತ್ತಿಲ್ಲ. ಸತ್ತದ್ದು ಯಾವಾಗ ಅಂತಲೂ ಗೊತ್ತಿಲ್ಲ."

"ಈ ಕೆಳಗೆ ಬೇರೆ ಎಂತ ಬರೆದಿಲ್ವಾ?"

"ಇಲ್ಲ ಅಜ್ಜಿ."

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಹೆಂಚು ತಟ್ಟುವಾಗ ಹಾಗೆ ತಲೆ ಓರೆ ಮಾಡುತ್ತಿದ್ದರು ಎಂದು ಅಮ್ಮ ಹೇಳುತ್ತಾಳೆ. "ಆಯ್ತು" ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರಿಗೆ ಒಡಕು ಕೇಳಿತೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಗೋಡೆಯ ಫೋಟೋದಿಂದ ಹಾರ ತೆಗೆಯಲು ನನಗೇ ಹೇಳಿದರು. ಸ್ಟೂಲು ಹತ್ತಿ ತೆಗೆದೆ. ಹಾರವಿಲ್ಲದ ಆ ಹುಡುಗನ ಮುಖ ನಾನು ಅದೇ ಮೊದಲು ನೋಡಿದ್ದು.

ಒಂದು ತಿಂಗಳಲ್ಲಿ ಆಟಿ ಅಮಾವಾಸ್ಯೆ ಬಂತು. ಅಮ್ಮ ಕೋಳಿ ಸಾರು ಮಾಡಿದಳು. ಕೋಣೆಯಲ್ಲಿ ಸತ್ತವರಿಗೆಲ್ಲ ಎಲೆ ಹಾಕಿದೆವು, ದೂಮಪ್ಪನಿಗೂ. ಐತಪ್ಪನ ಎಲೆ ಎಲ್ಲಿ ಎಂದು ಅಮ್ಮ ಕೇಳಿದಳು. ಅಜ್ಜಿ ಬೇಡ ಎಂದರು. ಕಪಾಟಿನಿಂದ ನಾವು ದಿನಾ ಉಣ್ಣುವ ಸ್ಟೀಲಿನ ಬಟ್ಟಲು ತಂದು, ಬೆಳಗಿ, ಬಾಗಿಲ ಹತ್ತಿರ ಮಣೆ ಹಾಕಿ ಅದರೆದುರು ಇಟ್ಟರು. ಲೋಟದಲ್ಲಿ ನೀರು ಇಟ್ಟರು. ಬದುಕಿರುವವರಿಗೆ ಬಡಿಸುವ ಹಾಗೆ ಮೊದಲು ಉಪ್ಪಿನಕಾಯಿ, ಆಮೇಲೆ ಅನ್ನ, ಸಾರು. ಹೊರಬಾಗಿಲು ಪೂರ್ತಿ ತೆರೆಸಿದರು.

"ಅಜ್ಜಿ, ಇದ್ದಿದ್ರೆ ಅವರಿಗೆ ಈಗ ನೂರಾ ಎರಡು" ಎಂದೆ ನಾನು ಮೆಲ್ಲಗೆ.

"ಇರ್ಲಿ. ಬೊಜ್ಜ ಆದವ ಅಂತ ಇನ್ನು ಹೊರಗೆ ನಿಲ್ಲಿಸುವುದಿಲ್ಲ."

ಕುಲೆಗಳ ಕೋಣೆಯ ಬಾಗಿಲು ಮುಚ್ಚಿ, ಕಾದು, ತಟ್ಟಿ ತೆರೆದು, ಆ ಎಲೆಗಳ ಊಟವನ್ನು ನಾವು ಪ್ರಸಾದದಂತೆ ಉಂಡೆವು. ಹೊರಬಾಗಿಲ ಬಟ್ಟಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅಜ್ಜಿ ಅದರೆದುರು ಕೂತೇ ಇದ್ದರು, ಒಂದಗುಳು ಬಾಯಿಗೆ ಹಾಕಲಿಲ್ಲ. ಮೆಟ್ಟಿಲಲ್ಲಿ ಯಾರೋ ಚಪ್ಪಲಿ ಎಳೆಯುತ್ತ ಹತ್ತಿ ಹೋದರು, ನಾನು ತಿರುಗಿ ನೋಡಿದೆ. ಬೆನ್ನು ಬಾಗಿಲಿಗೆ ಹಾಕಿ ಕೂರಲು ಅವತ್ತು ನನ್ನಿಂದ ಆಗಲಿಲ್ಲ.

ಈಗ ನಮ್ಮ ಮನೆಯ ಬೆಲ್ಲನ್ನು ಒಂದೇ ಸಲ ಒತ್ತಿದರೆ ಸಾಕು. ಒತ್ತಿದ ಸದ್ದು ಮುಗಿಯುವ ಮೊದಲೇ "ಓ, ಬಂದೆ" ಎನ್ನುತ್ತ ಅಜ್ಜಿ ಗೋಡೆ ಹಿಡಿದು ಏಳುತ್ತಾರೆ. ಕೊರಿಯರಿನವರಿಗೆ ಆಶ್ಚರ್ಯ. ಕೆಲವು ಸಂಜೆ ಬೆಲ್ಲೂ ಆಗಿರುವುದಿಲ್ಲ, ಯಾರೂ ಕರೆದಿರುವುದೂ ಇಲ್ಲ. ಟೀವಿ ನೋಡುತ್ತ ಕೂತವರು ಥಟ್ಟನೆ ತಲೆಯೆತ್ತಿ "ಓ" ಎನ್ನುತ್ತಾರೆ. ಅಮ್ಮ ಹೋಗಿ ಬಾಗಿಲು ತೆರೆದು ನೋಡುತ್ತಾಳೆ. ಅವಳ ಹಿಂದೆ ನಾನೂ ಹೋಗಿ ನೋಡುತ್ತೇನೆ.